ಲಾಭ, ಎರಡು, ಮೂರು

ನಮ್ಮನೆಯ ಅಕ್ಕಿ ಡಬ್ಬದೊಳಗೆ ಒಂದು ಹಿತ್ತಾಳೆಯ ಪಾವು ಇದೆ. ನನ್ನ ಹೆಂಡತಿ ಸರೋಜಳ ಜೊತೆಗೇ ಅಜ್ಜಂಪುರದಿಂದ ತರೀಕೆರೆಗೆ ಬಂದದ್ದು. ಅವಳ ತವರಿನಲ್ಲಿ ಸೇರಾಗಲಿ ಪಾವಾಗಲಿ, ಕಾಳು ಅಳೆಯುವಾಗ ಮೊದಲನೆಯದಕ್ಕೆ ಯಾರೂ ‘ಒಂದು’ ಅನ್ನುತ್ತಿರಲಿಲ್ಲ. ‘ಲಾಭ’ ಎಂದು ಶುರುಮಾಡಿ ಆಮೇಲೆ ಎರಡು, ಮೂರು. ಆ ಪಡಸಾಲೆಯಲ್ಲೇ ಎಣಿಕೆ ಕಲಿತ ಹುಡುಗಿ, ಶಾಲೆಯಲ್ಲಿ ಮೇಷ್ಟ್ರು ಎಣಿಸು ಅಂದಾಗ ‘ಲಾಭ, ಎರಡು, ಮೂರು’ ಎಂದು ಗಟ್ಟಿಯಾಗಿ ಕೂಗಿ ಇಡೀ ಕ್ಲಾಸನ್ನು ನಗಿಸಿದಳಂತೆ. ಅಂಥವಳೇ ಮುಂದೆ ಕಡೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದಳು, ನೋಡಿ!

ಅವಳಿಗೊಂದು ಮುದ್ದಿನ ಸಂಖ್ಯೆಯಿತ್ತು: 1,42,857. ಎರಡರಿಂದ ಗುಣಿಸಿದರೆ 2,85,714, ಮೂರರಿಂದ 4,28,571. ಹೀಗೆ ಆರರವರೆಗೂ ಅವೇ ಆರು ಅಂಕಿಗಳು, ಒಂದರ ಹಿಂದೊಂದು ಅದೇ ಕ್ರಮದಲ್ಲಿ, ತಿರುಗಣಿಯ ಹಾಗೆ ಸುತ್ತುತ್ತವೆಯೇ ಹೊರತು ಒಂದೂ ಕಳೆದುಹೋಗುವುದಿಲ್ಲ. ಏಳರಿಂದ ಗುಣಿಸಿದಿರೋ, ಆಟ ಬಂದ್. ಸಾಲಾಗಿ ಬರೀ ಒಂಬತ್ತುಗಳು, 9,99,999. “ಏಳು ಅಂದ ತಕ್ಷಣ ಎಲ್ಲಾ ಎದ್ದು ನಿಂತ್ವು ಕಣ್ರೀ” ಎಂದು ನಗುತ್ತಿದ್ದಳು. ಭಾನುವಾರ ನಾನು ಮುಸುಕೆಳೆದು ಮಲಗಿದ್ದರೂ ಅದೇ ಲೆಕ್ಕ: “ಏಳ್ರೀ, ಒಂಬತ್ತಾಯ್ತು!”

ಹೋದ ಆಷಾಢದಲ್ಲಿ ಅವಳಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ ಬಿತ್ತು, ಬಲಗಾಲು ಬಿತ್ತು, ಮಾತೂ ನಿಂತುಹೋಯಿತು. ಮಾತು ಕಲಿಸಲು ಬಂದ ಹೆಣ್ಣುಮಗಳು “ಅಮ್ಮಾ, ಒಂದು ಎರಡು ಹೇಳಿ ನೋಡಣ” ಎಂದಾಗ, ತುಟಿ ಒದ್ದಾಡಿ ಒದ್ದಾಡಿ ಕೊನೆಗೆ “ಲಾಭ” ಅಂದಳು. ಆಕೆ ಕಕ್ಕಾಬಿಕ್ಕಿಯಾದಳು, ನಾನು ಮಾತ್ರ ಹುಚ್ಚನಂತೆ ಕುಣಿದಾಡಿದೆ. ಒಂದು ಬಂದಿದೆ, ಎರಡು ಬಾರದೇ ಇರುತ್ತದೆಯೇ?

ಬರಲಿಲ್ಲ, ಸ್ವಾಮಿ. ಊಟ ಮಾಡ್ತೀಯಾ ಅಂದರೆ ಲಾಭ, ನೋವಿದೆಯಾ ಅಂದರೆ ಲಾಭ, ಕಣ್ಣೀರು ಸುರಿಯುತ್ತಿರುವಾಗಲೂ ಲಾಭ. ಇಷ್ಟು ದೊಡ್ಡ ನಷ್ಟ ಮಾಡಿದ ದೇವರಿಗೆ ಅವಳ ಬಾಯಲ್ಲಿ ಉಳಿಸಲು ಬೇರೆ ಪದವೇ ಸಿಗಲಿಲ್ಲವೇ? ಒಂದನ್ನು ಏಳರಿಂದ ಭಾಗಿಸುತ್ತ ಹೋದರೆ ಇದೇ ಅಂಕಿಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ, ಕೊನೆಯೆಂಬುದಿಲ್ಲ ಎಂದು ಅವಳೇ ಹೇಳಿಕೊಟ್ಟಿದ್ದಳು. ಮಾತ್ರೆ, ಗಂಜಿ, ಮಗ್ಗುಲು ಬದಲಿಸುವುದು, ಮತ್ತೆ ಮಾತ್ರೆ. ನನ್ನ ದಿನಗಳೂ ಈಗ ಹಾಗೇ ಸುತ್ತುತ್ತಿವೆ. ಆ ಸಂಖ್ಯೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಎಷ್ಟು ತಿರುಗಿಸಿದರೂ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ.

ಇವತ್ತು ಬೆಳಿಗ್ಗೆ ಅವಳ ಕೈ ಹಿಡಿದು ಕೂತು ಎರಡರಿಂದ ಗುಣಿಸಿದೆ, ಮೂರರಿಂದ, ನಾಲ್ಕರಿಂದ, ಆರು ಮುಗಿಯಿತು. ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. “ಏಳು” ಅಂದೆ. ಆಮೇಲೆ ತಡೆಯಲಾಗಲಿಲ್ಲ. “ಏಳೇ ಸರೋಜಾ, ಏಳೇ” ಎಂದು ಅತ್ತುಬಿಟ್ಟೆ. ಅವಳು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ, ಮಗುವನ್ನು ಸಮಾಧಾನ ಮಾಡುವವಳಂತೆ “ಲಾಭ” ಅಂದಳು.

ಎದ್ದು ಅಡುಗೆಮನೆಗೆ ಹೋಗಿ ಡಬ್ಬದಿಂದ ಪಾವು ಎತ್ತಿದೆ. ‘ಒಂದು’ ಅನ್ನಲು ಬಾಯಿ ಬರಲಿಲ್ಲ, ‘ಲಾಭ’ ಅನ್ನಲಂತೂ ಆಗಲೇ ಇಲ್ಲ. ಎಣಿಸದೆಯೇ ಅಕ್ಕಿ ಸುರಿದುಕೊಂಡೆ.