ಆಯ್ತಮ್ಮ

ಹಾರಾಟದ ಶಾಲೆಯಲ್ಲಿ ವಿಮಾನಗಳು ಮೂರು. ಒಂದು ಹಾರುತ್ತಿತ್ತು, ಇನ್ನೊಂದು ರಿಪೇರಿಯಲ್ಲಿತ್ತು, ಮೂರನೆಯದು ಈ ಎರಡಕ್ಕೂ ಬಿಡಿಭಾಗ ಕೊಟ್ಟು ಕೊಟ್ಟು ಶೆಡ್ಡಿನ ಮೂಲೆಯಲ್ಲಿ ಅಸ್ಥಿಪಂಜರವಾಗಿ ನಿಂತಿತ್ತು. ಕಲಿಯುವವರು ಇಪ್ಪತ್ತೆರಡು ಮಂದಿ. ಹಾಗಾಗಿ ಪೈಲಟ್ ತರಬೇತಿ ಎಂದರೆ ಬಹುಪಾಲು ಶೆಡ್ಡಿನ ಎದುರಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಆಕಾಶ ನೋಡುವುದು. ಬೆಳಿಗ್ಗೆ ಆರಕ್ಕೆ ಬಂದರೆ ಮಂಜು. ಮಂಜು ಕರಗುವಷ್ಟರಲ್ಲಿ ಗಾಳಿ. ಗಾಳಿ ನಿಂತರೆ ಟೈರು ಬಂದಿಲ್ಲ. ಟೈರು ಬಂದ ದಿನ ಅದನ್ನು ಹಾಕಬೇಕಾದ ಮೆಕ್ಯಾನಿಕ್ಕನೇ ಬಂದಿರುವುದಿಲ್ಲ.

ಎರಡು ವರ್ಷದ ತರಬೇತಿಗೆಂದು ಸೇರಿದ ಲಿಫ್ಟ್ ರಿಪೇರಿಯವನ ಮಗಳಿಗೆ ಆ ಬೆಂಚಿನ ಮೇಲೆ ಇದು ನಾಲ್ಕನೆಯ ವರ್ಷ. ಎಷ್ಟು ಗಂಟೆಗೆ ಬೆಂಚಿನ ಯಾವ ತುದಿಗೆ ನೆರಳು ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಹವಾಮಾನದ ಪುಸ್ತಕ, ಎಂಜಿನ್ನಿನ ಪುಸ್ತಕ, ದಾರಿ ಲೆಕ್ಕ ಹಾಕುವ ಪುಸ್ತಕ, ಎಲ್ಲವೂ ಅಂಚು ಸವೆಯುವಷ್ಟು ಓದಿಯಾಗಿತ್ತು. ಬರೆಯುವ ಪರೀಕ್ಷೆಗಳಲ್ಲಿ ಅವಳೇ ಮೊದಲು. ಆದರೆ ಪುಸ್ತಕ ಎಷ್ಟು ಓದಿದರೂ ಅದಕ್ಕೆ ರೆಕ್ಕೆ ಮೂಡುವುದಿಲ್ಲವಲ್ಲ.

ಮನೆಯಲ್ಲಿ ಚಿಕ್ಕಮ್ಮ ಬಂದಾಗಲೆಲ್ಲ ಅದೇ ಪ್ರಶ್ನೆ.

"ಏನೇ, ಇನ್ನೂ ಓಡ್ಸೋಕೆ ಬರಲ್ವಾ? ನಮ್ಮ ಎದುರು ಮನೆಯವಳು ಒಂದೇ ತಿಂಗಳಲ್ಲಿ ಕಾರು ಕಲ್ತ್ಲು."

"ಚಿಕ್ಕಮ್ಮ, ಅದು ಕಾರು."

"ಹೌದು ಮತ್ತೆ. ಕಾರಿಗಾದ್ರೆ ಎದುರಿಗೆ ಎಮ್ಮೆ ಬರತ್ತೆ, ಸೈಕಲ್ ಬರತ್ತೆ. ನಿಂಗೇನೇ ಬರತ್ತೆ ಅಲ್ಲಿ?"

ಇದಕ್ಕೆ ಉತ್ತರ ಕೊಡುವ ತಾಳ್ಮೆ ಅವಳಿಗೆ ಎರಡನೆಯ ವರ್ಷದಲ್ಲೇ ಮುಗಿದಿತ್ತು. ಅವರ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಊರಿನ ಅರ್ಧ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಅಪ್ಪನ ಮನೆಗೆ ಮಾತ್ರ ಲಿಫ್ಟ್ ಇರಲಿಲ್ಲ. "ನಾನೂ ಜನಾನ ಮೇಲಕ್ಕೆ ಕರ್ಕೊಂಡ್ ಹೋಗೋನೇ, ನನ್ನ ಮಗಳು ಇನ್ನೊಂಚೂರು ಮೇಲಕ್ಕೆ" ಎಂದು ಅಪ್ಪ ಮೆಟ್ಟಿಲು ಹತ್ತುತ್ತ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆಸಿ, ಮಡಿಸಿ, ವಾರ್ಡುಗಳಿಗೆ ಕಳಿಸುವ ಕೆಲಸದಲ್ಲಿದ್ದಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ.

ಶಾಲೆಯ ಶಿಕ್ಷಕರಿಗೆ ಕುಕ್ಕರ್ ಸಾರ್ ಎಂದು ಹೆಸರು. ಸಿಟ್ಟು ಬಂದರೆ ಮೂಗಿನಿಂದ ಉಸಿರು ಸೀಟಿಯ ಹಾಗೆ ಹೊರಡುತ್ತಿತ್ತು. ಒಂದು ಸೀಟಿಗೆ ಪರವಾಗಿಲ್ಲ, ಎರಡಕ್ಕೆ ಹುಷಾರಾಗಬೇಕು, ಮೂರನೆಯದಕ್ಕೆ ಮುಚ್ಚಳ ಹಾರುತ್ತಿತ್ತು. ಮೂರನೆಯ ಸೀಟಿಯನ್ನು ಕೇಳದೆ ಉಳಿದಿದ್ದ ಒಬ್ಬಳೇ ವಿದ್ಯಾರ್ಥಿನಿ ಇವಳು. ಆ ಮಂಗಳವಾರದವರೆಗೆ.

ತರಬೇತಿಯ ಕೊನೆಯ ಭಾಗ ಇಬ್ಬರು ಸೇರಿ ಹಾರಿಸುವ ಅಭ್ಯಾಸ. ದೊಡ್ಡ ವಿಮಾನಗಳಲ್ಲಿ ಹಾಗೆಯೇ. ಒಬ್ಬರು ಹಾರಿಸುತ್ತಾರೆ, ಪಕ್ಕದವರು ಅವರು ಹೇಳಿದ್ದನ್ನು ಮಾಡಿಕೊಡುತ್ತಾರೆ, ರೇಡಿಯೋದಲ್ಲಿ ಮಾತಾಡುತ್ತಾರೆ. ಅಂದು ಕುಕ್ಕರ್ ಸಾರ್ ಹಾರಿಸುತ್ತಿದ್ದರು, ಇವಳು ಬಲಗಡೆ ಕೂತಿದ್ದಳು. ಎರಡು ಎಂಜಿನ್ನಿನ ಆ ವಿಮಾನದ ಚಕ್ರಗಳು ಹಾರಿದ ಮೇಲೆ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಇಳಿಯುವ ಮುನ್ನ ಒಂದು ಹಿಡಿಯನ್ನು ಎಳೆದು ಅವನ್ನು ಹೊರಗೆ ಬಿಡಬೇಕು. ಪೂರ್ತಿ ಇಳಿದು ಭದ್ರವಾದರೆ ಮೂರು ಹಸಿರು ದೀಪ ಹತ್ತಿಕೊಳ್ಳುತ್ತವೆ.

ರನ್‌ವೇ ಎದುರಿಗೆ ಕಾಣಿಸಿತು. "ಚಕ್ರ ಇಳಿಸು" ಎಂದರು ಸಾರ್.

"ಆಯ್ತು" ಎಂದಳು.

ಕೈ ಹಿಡಿಯ ಕಡೆಗೆ ಹೋಗುವಷ್ಟರಲ್ಲಿ ಟವರ್‌ನಿಂದ ಕರೆ ಬಂತು. ಅದಕ್ಕೆ ಉತ್ತರ ಕೊಡುವುದೂ ಅವಳದೇ ಕೆಲಸ. ಕೊಟ್ಟಳು. ಗಾಳಿಯ ವೇಗ ಎಷ್ಟೆಂದು ಹೇಳಿದರು. ಅದನ್ನು ತಿರುಗಿ ಒಪ್ಪಿಸಿದಳು. ಅಷ್ಟರಲ್ಲಿ ಹಿಡಿ ಅವಳ ತಲೆಯಿಂದ ಜಾರಿಹೋಗಿತ್ತು. ಸಾರ್ ವೇಗ ತಗ್ಗಿಸಿದರು. ತಗ್ಗಿಸಿದ್ದೇ ತಡ, ಚಕ್ರ ಇಳಿದಿಲ್ಲ ಎನ್ನುವ ಎಚ್ಚರಿಕೆಯ ಹಾರ್ನ್ ಕಿವಿ ಹರಿಯುವಂತೆ ಅರಚಿಕೊಂಡಿತು. ಸಾರ್ ಎಂಜಿನ್ನುಗಳನ್ನು ಪೂರ್ತಿ ಏರಿಸಿ ವಿಮಾನವನ್ನು ಮತ್ತೆ ಮೇಲಕ್ಕೆ ಎತ್ತಿದರು. ಇನ್ನೊಂದು ಸುತ್ತು ಹಾಕಿ, ಚಕ್ರ ಇಳಿಸಿಕೊಂಡು ನೆಲ ಮುಟ್ಟಿಸಿದರು.

ಶೆಡ್ಡಿನ ಮುಂದೆ ಇಳಿದ ಮೇಲೆ ಮೊದಲ ಸೀಟಿ ಕೇಳಿಸಿತು.

"ಚಕ್ರ ಇಳಿಸು ಅಂದೆ. ನೀನೇನಂದೆ?"

"ಆಯ್ತು ಅಂದೆ ಸಾರ್."

"ಆಯ್ತು ಅಂದ್ರೆ?"

"ಇಳಿಸ್ತೀನಿ ಅಂತ ಸಾರ್."

"ಆಯ್ತು ಅಂದ್ರೆ ಆಗೋಯ್ತು ಅಂತ ಕಣಮ್ಮಾ! ಕೆಲಸ ಮುಗೀತು ಅಂತ!" ಎರಡನೆಯ ಸೀಟಿ.

"ನಮ್ಮನೇಲಿ ಮಾಡ್ತೀನಿ ಅನ್ನೋದಕ್ಕೂ ಆಯ್ತು ಅಂತಾನೇ ಅನ್ನೋದು ಸಾರ್."

"ನಿಮ್ಮನೆ ಹೊಟ್ಟೆ ಉಜ್ಕೊಂಡು ನೆಲಕ್ಕೆ ಇಳಿಯಲ್ಲಮ್ಮ! ಇನ್ಮೇಲೆ ಆ ಮಾತು ನಿನ್ನ ಬಾಯಲ್ಲಿ ಬರಕೂಡದು. ಗೊತ್ತಾಯ್ತಾ?"

"ಆಯ್ತು ಸಾರ್."

ಮೂರನೆಯ ಸೀಟಿ ಬೆಂಚಿನ ಮೇಲಿದ್ದ ಅಷ್ಟೂ ಮಂದಿಗೆ ಕೇಳಿಸಿತು. ಸಂಜೆಯೊಳಗೆ ಅವಳಿಗೆ ಆಯ್ತಮ್ಮ ಎಂಬ ಹೆಸರು ಬಿದ್ದಿತ್ತು. ಶಾಲೆಯ ಮುಖ್ಯಸ್ಥರು ತಮ್ಮ ಕೋಣೆಗೆ ಕರೆಸಿ ಮೆಲ್ಲಗೆ, ಅದಕ್ಕೇ ಇನ್ನಷ್ಟು ಹೆದರಿಕೆಯಾಗುವಂತೆ, ವಿಷಯ ತಿಳಿಸಿದರು. ಹತ್ತು ದಿನ ಬಿಟ್ಟು ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಅವರ ಪಕ್ಕ ಕೂತು ಹಾರಿಸಿ ಪಾಸಾದರೆ ಲೈಸೆನ್ಸ್. ಇಲ್ಲದಿದ್ದರೆ ಶಾಲೆಯ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ನಾಲ್ಕು ವರ್ಷ ಒಂದು ಮಾತಿನ ಮೇಲೆ ಬಂದು ನಿಂತಿತ್ತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, ನಿಟ್ಟುಸಿರು ಬಿಟ್ಟು, "ಆಯ್ತು ಬಿಡು, ಆಗಿದ್ದು ಆಯ್ತು. ಊಟ ಆಯ್ತಾ?" ಎಂದಳು.

ಮಗಳು ತಲೆಯ ಮೇಲೆ ಕೈ ಹೊತ್ತಳು. ಒಂದೇ ಉಸಿರಿಗೆ ಮೂರು, ಮೂರಕ್ಕೂ ಬೇರೆ ಬೇರೆ ಅರ್ಥ! ಆ ಮನೆ ಇಷ್ಟು ವರ್ಷ ನಡೆದದ್ದೇ ಈ ಒಂದು ಮಾತಿನ ಮೇಲೆ ಎಂದು ಅವಳಿಗೆ ಹೊಳೆದದ್ದು ಆಗ. ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಜೊತೆ ಮಾತಾಡುವಾಗ ಎಣಿಸಿದಳು: ಹದಿನಾಲ್ಕು ಆಯ್ತು. ಒಪ್ಪಿದೆ ಎನ್ನುವುದಕ್ಕೆ ಆಯ್ತು, ಒಪ್ಪಿಲ್ಲ ಆದರೆ ಜಗಳ ಬೇಡ ಎನ್ನುವುದಕ್ಕೂ ಆಯ್ತು. ಕೊನೆಗೆ ಫೋನ್ ಇಡುವುದಕ್ಕೆ "ಆಯ್ತಾಯ್ತು". ಅದಾದ ಮೇಲೂ ಮಾತು ಕಾಲು ಗಂಟೆ ನಡೆಯಿತು.

ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ಆಮೇಲೆ ಅಂಗಿಯ ತೋಳು ಮಡಿಸಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಇದ್ದ ಹಳೆಯ ಗಾಯದ ಗುರುತನ್ನು ತೋರಿಸಿದ.

"ಇದು ಹೇಗಾಯ್ತು ಗೊತ್ತಾ?"

"ಲಿಫ್ಟ್ ತಾಗಿದ್ದು ಅಂದಿದ್ದೆ."

"ತಾಗಿದ್ದು ಲಿಫ್ಟೇ. ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇಳಿಯೋ ಮುಂಚೆ ಕಾವಲಿನವರಿಗೆ ಮೇನ್ ಸ್ವಿಚ್ ಆಫ್ ಮಾಡ್ರಿ ಅಂತ ಕೂಗಿದೆ. ಆಯ್ತು ಅಂದ್ರು. ನಾನು ಇಳಿದೆ. ಅವರು ಟೀ ಕುಡಿದು ಬಂದು ಮಾಡೋಣ ಅಂತಿದ್ರಂತೆ." ಅಪ್ಪ ತೋಳು ಇಳಿಸಿದ. "ಆವತ್ತಿಂದ ಯಾರಿಗೂ ಹೇಳಲ್ಲ. ನಾನೇ ಹೋಗಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡು ಆಮೇಲೆ ಇಳೀತೀನಿ. ಬಾಯಿ ಮಾತು ಬೇಡ ಮಗಾ, ಫ್ಯೂಸು ಜೇಬಲ್ಲಿ ಇದ್ಯಾ ನೋಡ್ಕೋ."

"ಇಷ್ಟು ವರ್ಷ ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ, ಆಯ್ತಾ?" ಎಂದವನೇ ನಾಲಿಗೆ ಕಚ್ಚಿಕೊಂಡ.

ಅಂದಿನಿಂದ ಅವಳು ಆ ಮಾತನ್ನು ಬಿಟ್ಟಳು. ಬಿಡುವುದೆಂದರೆ ಸುಲಭವೇ? ಉಸಿರಾಡುವುದನ್ನು ಬಿಟ್ಟ ಹಾಗಾಯಿತು. ಕೆಲಸ ಮುಗಿದಿದ್ದರೆ "ಮಾಡಿದೀನಿ", ಮುಗಿಯದಿದ್ದರೆ "ಮಾಡ್ತೀನಿ", ನಡುವೆ ಇನ್ನೇನೂ ಇಲ್ಲ. ಊಟ ಆಯ್ತಾ ಎಂದರೆ "ಮಾಡಿದೀನಿ, ತಟ್ಟೆ ತೊಳೆದು ಮಗುಚಿ ಇಟ್ಟಿದೀನಿ." ಗ್ಯಾಸ್ ಆಫ್ ಮಾಡು ಎಂದರೆ "ಮಾಡ್ತೀನಿ", ಎದ್ದು ಹೋಗಿ ತಿರುಗಿಸಿ, ಬಗ್ಗಿ ನೋಡಿ, "ಮಾಡಿದೀನಿ, ಉರಿ ಇಲ್ಲ." ನಾಲ್ಕನೆಯ ದಿನಕ್ಕೆ ಅಮ್ಮನ ತಾಳ್ಮೆ ತಪ್ಪಿತು.

"ಇದೇನೇ ಇದು, ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹಾಗೆ? ಹೆತ್ತ ತಾಯಿ ಹತ್ರ ನೆಟ್ಟಗೆ ಮಾತಾಡೋಕಾಗಲ್ವಾ?"

"ಇದೇ ಅಮ್ಮ ನೆಟ್ಟಗೆ ಮಾತಾಡೋದು."

"ನಿನ್ನ ವಿಮಾನ ಬೇಗ ಹಾರಿಬಿಡ್ಲಿ, ನಮಗೂ ಬಿಡುಗಡೆ ಆಗತ್ತೆ."

ಪರೀಕ್ಷೆಯ ದಿನ ಮಂಜಿರಲಿಲ್ಲ, ಗಾಳಿಯಿರಲಿಲ್ಲ, ಟೈರುಗಳೂ ಇದ್ದವು. ಇದೇ ಅವಳಿಗೆ ಅನುಮಾನ ಹುಟ್ಟಿಸಿತು. ಪರೀಕ್ಷಕರು ಸಣಕಲು ದೇಹದ, ಮೆಲುಮಾತಿನ, ನಿವೃತ್ತಿಗೆ ಹತ್ತಿರವಾದ ಪೈಲಟ್. "ಇವತ್ತು ನೀವು ಹೇಳಿದ ಹಾಗೆ ಕೇಳೋನು ನಾನು" ಎಂದು ಬಲಗಡೆಯ ಸೀಟಿನಲ್ಲಿ ಕೂತರು. ಮೇಲೆ ಹೋದ ಮೇಲೆ ಒಂದು ಎಂಜಿನ್ನಿನ ಶಕ್ತಿಯನ್ನು ತಾವೇ ತಗ್ಗಿಸಿ, ಕೆಟ್ಟಿದೆ ಎಂದುಕೊಳ್ಳಿ ಎಂದರು. ವಿಮಾನ ಒಂದು ಕಡೆಗೆ ಎಳೆಯಿತು. ಕಾಲಡಿಯ ಪೆಡಲ್ ಒತ್ತಿ ನೇರಕ್ಕೆ ತಂದಳು. ಬೆವರಿದಳು, ಆದರೆ ತಪ್ಪು ಮಾಡಲಿಲ್ಲ. ಎಂಜಿನ್ ಮತ್ತೆ ಏರಿಸಿಕೊಂಡು ಇಳಿಯುವ ದಾರಿಗೆ ತಿರುಗಿದಳು.

"ಚಕ್ರ ಇಳಿಸಿ ಸಾರ್."

"ಆಯ್ತು" ಎಂದರು ಪರೀಕ್ಷಕರು.

ಅದೇ ಗಳಿಗೆಗೆ ಟವರ್‌ನವರು ಕರೆದರು. ಪರೀಕ್ಷಕರು ಅದಕ್ಕೆ ಉತ್ತರ ಕೊಡಲು ಶುರುಮಾಡಿದರು. ಅವಳು ದೀಪಗಳತ್ತ ನೋಡಿದಳು. ಮೂರೂ ಕತ್ತಲೆ. ಫ್ಯೂಸು ಜೇಬಲ್ಲಿ ಇರಲಿಲ್ಲ. ಪರೀಕ್ಷಕರಿಗೆ ಎದುರಾಡಬಹುದೇ, ನಾಲ್ಕು ವರ್ಷ ಅವರ ಒಂದು ಸಹಿಯಲ್ಲಿ ಇದೆಯಲ್ಲ ಎಂದು ಮನಸ್ಸು ಹಿಂಜರಿಯಿತು. ಹಿಂಜರಿಯುವುದಕ್ಕೆ ರನ್‌ವೇ ಪುರಸೊತ್ತು ಕೊಡಬೇಕಲ್ಲ. ಅವರು ಮೈಕು ಬಿಟ್ಟಿದ್ದೇ ತಡ, ಬೆಂಚು, ಮಂಜು, ಟೈರು, ಚಿಕ್ಕಮ್ಮ ಎಲ್ಲ ಸೇರಿ ಅವಳ ಗಂಟಲಿಗೆ ಬಂದವು.

"ಸಾರ್! ಆಯ್ತು ಅಂದ್ರೆ ಏನು? ಇಳಿಸಿದ್ರಾ, ಇಳಿಸ್ತೀರಾ?"

ಪರೀಕ್ಷಕರು ಬೆಚ್ಚಿ ಹಿಡಿಯ ಕಡೆ ನೋಡಿದರು. "ಇಳಿಸ್ತೀನಿ" ಎಂದರು. ಎಳೆದರು. ಹೊಟ್ಟೆಯ ಕೆಳಗೆ ಗಡಗಡ ಸದ್ದು. ಒಂದು, ಎರಡು, ಮೂರು. "ಇಳಿದಿವೆ. ಮೂರು ಹಸಿರು" ಎಂದರು ಶಾಲೆಯ ಮಗುವಿನ ಹಾಗೆ. ಅವಳೂ ಒಮ್ಮೆ ನೋಡಿ, ಆಮೇಲೆ ನೆಲ ಮುಟ್ಟಿಸಿದಳು. ಅಷ್ಟೇನೂ ಮೆತ್ತಗೆ ಮುಟ್ಟಲಿಲ್ಲ.

ಶೆಡ್ಡಿನ ಮುಂದೆ ಕುಕ್ಕರ್ ಸಾರ್ ಕಾಯುತ್ತಿದ್ದರು. ಪರೀಕ್ಷಕರು ಕಾಗದದ ಮೇಲೆ ಬರೆಯುತ್ತಲೇ, "ನಿಮ್ಮ ಹುಡುಗಿ ನನ್ನನ್ನ ಗದರಿಸಿಬಿಟ್ಳು ಕಣ್ರೀ" ಎಂದರು.

ಕುಕ್ಕರ್ ಸಾರ್ ಮೂಗಿನಲ್ಲಿ ಸೀಟಿ ಹೊರಟಿತು. ನಡೆದದ್ದನ್ನು ಕೇಳಿದ ಮೇಲೆ ಅದು ಅರ್ಧಕ್ಕೇ ನಿಂತಿತು. "ಪರೀಕ್ಷೆ ಮಾಡೋಕೆ ಬೇಕಂತಲೇ ಹಾಗಂದ್ರಾ?"

"ಬೇಕಂತ ಎಲ್ಲಿ ಬಂತು! ಬಾಯಿಗೆ ಬಂತು, ಅಂದೆ. ಮೂವತ್ತು ವರ್ಷದಿಂದ ಅಂತಾನೇ ಇದೀನಿ. ಆಯ್ತು ಅಂದ್ರೆ ಏನು ಅಂತ ಇದುವರೆಗೂ ಯಾರೂ ಕೇಳಿರಲಿಲ್ಲ." ಸಹಿ ಹಾಕಿ ಕಾಗದವನ್ನು ಅವಳ ಕೈಗೆ ಕೊಟ್ಟರು. ಪಾಸು.

ಪರೀಕ್ಷಕರು ಹೋದ ಮೇಲೆ ಕುಕ್ಕರ್ ಸಾರ್ ಸ್ವಲ್ಪ ಹೊತ್ತು ಶೂ ತುದಿಯಿಂದ ನೆಲ ಕೆರೆಯುತ್ತ ನಿಂತರು. "ಅವತ್ತು ನಾನೂ ದೀಪ ನೋಡಿರಲಿಲ್ಲ ಕಣಮ್ಮ. ನಿನ್ನ ಮಾತು ನಂಬಿ ವೇಗ ತಗ್ಗಿಸ್ದೆ. ಮುಖ್ಯಸ್ಥರಿಗೆ ಅದನ್ನೂ ಹೇಳ್ಬೇಕಿತ್ತು."

"ಹೇಳ್ತೀರಾ ಸಾರ್, ಹೇಳಿದೀರಾ?"

ಒಂದು ಸೀಟಿ. ಒಂದೇ. "ಹೇಳ್ತೀನಿ" ಎಂದವರು ಮುಖ್ಯಸ್ಥರ ಕೋಣೆಯ ಕಡೆ ನಡೆದರು.

ಅವಳು ಬೆಂಚಿನ ನೆರಳಿನ ತುದಿಯಲ್ಲಿ ಕೂತು ಮನೆಗೆ ಫೋನ್ ಮಾಡಿದಳು.

"ಅಮ್ಮ, ಪಾಸು."

"ಪಾಸಾಗಿದ್ದೀಯೋ, ಆಗ್ತೀಯೋ? ಬಿಡಿಸಿ ಹೇಳೇ!"

"ಆಗಿದ್ದೀನಿ ಅಮ್ಮ. ಸಹಿ ಬಿದ್ದಿದೆ."

ಅತ್ತ ಕಡೆ ಫೋನ್ ಕಸಿದುಕೊಂಡ ಸದ್ದಾಯಿತು. "ಕಾಗದ ಎಲ್ಲಿದೆ?" ಎಂದಿತು ಅಪ್ಪನ ದನಿ.

ಅವಳು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡು ಆಮೇಲೆ ಹೇಳಿದಳು. "ಜೇಬಲ್ಲಿದೆ ಅಪ್ಪ."