ಕನ್ನಡಕ ಕೊಡದ ಡಾಕ್ಟರು

ರಾಕ್‌ವಿಲ್‌ಗೆ ಕೆಲಸಕ್ಕೆ ಡ್ರೈವ್ ಮಾಡುವಾಗ ರಸ್ತೆಯ ಬೋರ್ಡುಗಳು ಮಸುಕಾಗಿ ಕಾಣತೊಡಗಿದವು. ಕನ್ನಡಕ ಮಾಡಿಸಿದೆ. ಮೂರೇ ವಾರಕ್ಕೆ ಅದರಲ್ಲೂ ಸರಿಯಾಗಿ ಕಾಣಲಿಲ್ಲ. ಜಗಳಕ್ಕೆ ಸಿದ್ಧನಾಗಿಯೇ ಅದನ್ನು ಬರೆದುಕೊಟ್ಟಿದ್ದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಆ ವಯಸ್ಸಾದ ಹೆಂಗಸು ಮತ್ತೆ ಪರೀಕ್ಷೆ ಮಾಡಿ, ನಂಬರ್ ಬದಲಾಗಿದೆ ಅಂದರು.

"ಹಾಗಾದ್ರೆ ಬೇರೆ ಗ್ಲಾಸ್ ಹಾಕಿಕೊಡಿ."

"ಈಗ ಕೊಡಲ್ಲ. ನಿಮಗೆ ತುಂಬಾ ಬಾಯಾರಿಕೆ ಆಗುತ್ತಾ?"

ಬೆಳಗಿನಿಂದ ಎರಡು ಬಾಟಲಿ ಜ್ಯೂಸ್ ಕುಡಿದಿದ್ದೆ.

"ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?"

ಅಪ್ಪನಿಗಿತ್ತು. ಆದರೆ ನನಗಿನ್ನೂ ಮೂವತ್ತೆಂಟು.

"ಶುಗರ್ ಜಾಸ್ತಿಯಾದ್ರೂ ನಂಬರ್ ಹೀಗೆ ಬದಲಾಗುತ್ತೆ. ಇವತ್ತೇ ರಕ್ತ ಟೆಸ್ಟ್ ಮಾಡಿಸಿ" ಅಂದರು.

ಮರುದಿನ ಕ್ಲಿನಿಕ್‌ನಿಂದ ಫೋನ್ ಬಂತು. ಟೈಪ್ ಟೂ ಡಯಾಬಿಟಿಸ್. ಹೆಂಡತಿಗೆ ಹೇಳಿದೆ. "ಸದ್ಯ, ಈಗಲಾದರೂ ಗೊತ್ತಾಯ್ತಲ್ಲ" ಅಂದಳು.

ಮಾತ್ರೆ ಶುರುವಾದ ಮೇಲೆ ಕಣ್ಣು ತಾನಾಗಿಯೇ ತಿಳಿಯಾಯಿತು. ಈಗ ಆ ಕಣ್ಣಿನಿಂದ ಹೆಚ್ಚಾಗಿ ಓದುವುದು ಬಿಸ್ಕತ್ ಪ್ಯಾಕೆಟ್ಟಿನ ಹಿಂದೆ ಸಕ್ಕರೆ ಎಷ್ಟಿದೆ ಅಂತ ಬರೆದಿರುವ ಸಣ್ಣಕ್ಷರಗಳನ್ನೇ.