ಡ್ರಮ್ ಮುಂದೆ ಕುಳಿತ ನೇಕಾರ

ಹಾಡು ಅರ್ಧಕ್ಕೇ ನಿಂತಿತು. ಗಿಟಾರ್ ಹಿಡಿದಿದ್ದ ನಾಗಣ್ಣ ಡ್ರಮ್ ಕಡೆ ತಿರುಗಿ, “ಲೇ, ಸೀರೆ ನೇಯ್ತಿದ್ದೀಯೇನ್ಲಾ?” ಎಂದು ಮೈಕಿನಲ್ಲೇ ಕೇಳಿದರು. ಎಲ್ಲರೂ ನಕ್ಕರು. ಡ್ರಮ್ ಮುಂದೆ ಕುಳಿತಿದ್ದವರು ನನ್ನ ಯಜಮಾನರು. ಇಪ್ಪತ್ತು ವರ್ಷಗಳ ಮೇಲೆ ಅವರ ಕಾಲೇಜು ಗೆಳೆಯರ ರಾಕ್ ಬ್ಯಾಂಡ್ ಕೊಳ್ಳೇಗಾಲದಲ್ಲಿ ಮತ್ತೆ ಸೇರಿತ್ತು. ಒಂದು ಹಾಡಾದರೂ ಪೂರ್ತಿ ನುಡಿಸಬೇಕೆಂಬುದು ಇವರ ಆಸೆ. ಹನೂರು, ಯಳಂದೂರಿನ ಹೊಸ ತಂಡಗಳು ಮೊದಲು ನುಡಿಸಿ ಮುಗಿಸುವಷ್ಟರಲ್ಲಿ ನನಗೆ ಸೊಂಟ ಹಿಡಿದಿತ್ತು. ಈಗ ನೋಡಿದರೆ ಇವರ ಕಾಲು ಹಾಡಿನ ತಾಳ ಬಿಟ್ಟು ಮನೆಯಲ್ಲಿ ದಿನವೂ ಮಗ್ಗ ತುಳಿಯುವ ಲಯಕ್ಕೆ ಜಾರಿತ್ತು. ಇನ್ನು ಎದ್ದು ಬಂದುಬಿಡುತ್ತಾರೆ ಎಂದುಕೊಂಡೆ. ಇವರು ಬೆವರು ಒರೆಸಿಕೊಂಡು, “ಕಾಲು ಅದ್ನೇ ಕಲ್ತದೆ ಕಣ್ಲಾ. ನೀವೇ ವಸಿ ನಿಧಾನ ಮಾಡ್ಕಳ್ರಲಾ” ಎಂದರು. ಗೆಳೆಯರು ಹಾಗೇ ಮಾಡಿದರು. ಹಾಡು ಕುಂಟುತ್ತಾ ಕೊನೆ ಮುಟ್ಟಿತು.

ಮದುವೆಯಾದಾಗಿನಿಂದ ಆ ಮಗ್ಗದ ಪಕ್ಕದಲ್ಲೇ ಅಡುಗೆ ಮಾಡುತ್ತಿದ್ದೇನೆ. ಮಾರನೆಯ ಬೆಳಿಗ್ಗೆ ಅದು ಶುರುವಾದಾಗ, ಮೊದಲ ಸಲ ಒಲೆ ಸಣ್ಣ ಮಾಡಿ ಕೇಳಿಸಿಕೊಂಡೆ.